ಹೆಸರು ಗುರುತಿಸಿದ್ದು ಸಾಕು, ವಾಕ್ಯ ಕಟ್ಟಿಸಿ: ಪ್ರಶ್ನೆಪತ್ರಿಕೆ ಬರೆಯುವವರಿಗೆ ಕನ್ನಡ ಮೇಷ್ಟ್ರೊಬ್ಬರ ಪತ್ರ

ಆರರಿಂದ ಎಂಟನೇ ತರಗತಿವರೆಗಿನ ಕನ್ನಡ ಅಭ್ಯಾಸಗಳನ್ನೂ ಪ್ರಶ್ನೆಪತ್ರಿಕೆಗಳನ್ನೂ ರೂಪಿಸುವ ಹಿರಿಯರಿಗೆ,

ನಮಸ್ಕಾರ.

ನಾನು ಈ ಮೂರು ತರಗತಿಗಳಿಗೆ ಕನ್ನಡ ಹೇಳಿಕೊಡುವವನು. ಯಾವ ಪದ್ಯ ಇರಬೇಕು, ಯಾರ ಪಾಠ ಇರಬಾರದು ಎಂಬ ಜಗಳಕ್ಕೆ ಈ ಪತ್ರ ಬರೆಯುತ್ತಿಲ್ಲ. ಆ ಜಗಳ ಆಡೋಕೆ ಬೇರೆ ಜನ ಬೇಕಾದಷ್ಟಿದ್ದಾರೆ. ನನ್ನ ಕೋರಿಕೆ ಪಾಠದ ಕೊನೆಯಲ್ಲಿ ಬರುವ ಅಭ್ಯಾಸದ ಬಗ್ಗೆ ಮತ್ತು ವರ್ಷದ ಕೊನೆಯಲ್ಲಿ ಬರುವ ಪ್ರಶ್ನೆಪತ್ರಿಕೆಯ ಬಗ್ಗೆ. ವ್ಯಾಕರಣಕ್ಕೆ ಇಟ್ಟ ಅಂಕಗಳಲ್ಲಿ ಹೆಚ್ಚಿನವು ಈಗ ಹೆಸರು ಗುರುತಿಸುವುದಕ್ಕೆ ಹೋಗುತ್ತಿವೆ. ಅವನ್ನು ವಾಕ್ಯ ಕಟ್ಟುವುದಕ್ಕೆ ಕೊಡಿ. ಕಥೆಯನ್ನು ಮೊದಲು ಬಾಯಲ್ಲಿ ಹೇಳಿಸಿ, ಆಮೇಲೆ ಬರೆಸಿ, ಬರೆದದ್ದನ್ನು ತಿದ್ದಿ ಮತ್ತೆ ಬರೆಯೋಕೆ ಅವಕಾಶ ಕೊಡಿ. ಕೇಳುತ್ತಿರುವುದು ಇಷ್ಟೇ.

ಪಾಠಕ್ಕಿಂತ ಮೊದಲು ಪ್ರಶ್ನೆಪತ್ರಿಕೆಯ ಬಗ್ಗೆ ಯಾಕೆ ಮಾತಾಡುತ್ತಿದ್ದೇನೆ ಅಂದರೆ, ತರಗತಿಯಲ್ಲಿ ನಿಜವಾಗಿ ಪಾಠ ಮಾಡುವುದು ಅದೇ. ಏನಾದರೂ ಹೊಸದು ಶುರು ಮಾಡಿದ ಕೂಡಲೇ ಹಿಂದಿನ ಬೆಂಚಿನಿಂದ ಒಂದು ದನಿ ಬರುತ್ತದೆ: 'ಸಾರ್, ಇದು ಪರೀಕ್ಷೆಗೆ ಬರುತ್ತಾ?' ಬರಲ್ಲ ಅಂದರೆ ಪೆನ್ನು ಕೆಳಗೆ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಅಪ್ಪ ಅಮ್ಮ, ಟ್ಯೂಷನ್, ಗೈಡು, ಎಲ್ಲರೂ ನೋಡುವುದು ಅದನ್ನೇ. ನಾವು ಮೇಷ್ಟ್ರುಗಳೂ ಅಷ್ಟೇ.

ಮೊದಲು ಸಂಧಿಯನ್ನೇ ತೆಗೆದುಕೊಳ್ಳೋಣ. ಎಂಟನೇ ತರಗತಿ ದಾಟುವಷ್ಟರಲ್ಲಿ ಮಕ್ಕಳಿಗೆ ಲೋಪ, ಆಗಮ, ಆದೇಶ ಎಂಬ ಹೆಸರುಗಳು ಬಾಯಿಪಾಠ ಆಗಿರುತ್ತವೆ. 'ಮಳೆಗಾಲ' ಅಂತ ಕೊಟ್ಟರೆ ಬಿಡಿಸಿ 'ಆದೇಶ ಸಂಧಿ' ಅಂತ ಬರೆಯುತ್ತಾರೆ. ಅಂಕ ಬರುತ್ತದೆ. ಅದೇ ಹುಡುಗನ ಪ್ರಬಂಧ ತೆಗೆದು ನೋಡಿ. 'ಪುಸ್ತಕಗಳು ಇದೆ' ಅಂತ ಬರೆದಿರುತ್ತಾನೆ. 'ಅವರು ಬಂದನು' ಅಂತಲೂ ಬರೆದಿರುತ್ತಾನೆ. ಒಂದು ಪುಟದ ತುಂಬಾ 'ಆಮೇಲೆ' ಇರುತ್ತದೆ. ಸಂಧಿಯ ಹೆಸರು ಗೊತ್ತಿದ್ದದ್ದು ಇಲ್ಲಿ ಅವನ ಕೈ ಹಿಡಿಯಲಿಲ್ಲ. ಹಿಡಿಯಬೇಕು ಅಂತ ನಾವು ಯಾವತ್ತೂ ಕೇಳಿರಲೇ ಇಲ್ಲ.

ಹಾಗಾದರೆ ಸಂಧಿ ಬೇಡವೇ? ಖಂಡಿತ ಬೇಕು. ಕಲಿಸುವ ದಾರಿ ಮಾತ್ರ ತಿರುಗಬೇಕು. ನಾನು ತರಗತಿಯಲ್ಲಿ ಮಾಡುವುದನ್ನು ಹೇಳುತ್ತೇನೆ. ಬೋರ್ಡಿನ ಮೇಲೆ ಊರು, ಕಾಡು, ಕಲ್ಲು, ಹಾವು, ಹೆಸರು, ಮಗು, ಹಸು, ಕರು, ಗುರು ಅಂತ ಬರೆಯುತ್ತೇನೆ. ಎಲ್ಲದಕ್ಕೂ 'ಅನ್ನು' ಸೇರಿಸಿ ಅನ್ನುತ್ತೇನೆ. ಒಬ್ಬರೂ ತಪ್ಪುವುದಿಲ್ಲ. ಊರನ್ನು, ಕಾಡನ್ನು, ಕಲ್ಲನ್ನು, ಹಾವನ್ನು, ಹೆಸರನ್ನು. ಆಮೇಲೆ ಮಗುವನ್ನು, ಹಸುವನ್ನು, ಕರುವನ್ನು, ಗುರುವನ್ನು. ಕನ್ನಡ ಬರುವ ಯಾವ ಮಗುವೂ 'ಊರುವನ್ನು' ಅನ್ನುವುದಿಲ್ಲ, 'ಹಸನ್ನು' ಅನ್ನುವುದೂ ಇಲ್ಲ. ಈಗ ಪ್ರಶ್ನೆ: ಎಲ್ಲ ಪದಗಳೂ ಉಕಾರದಲ್ಲೇ ಮುಗಿಯುತ್ತವೆ. ಕೆಲವು ಕಡೆ ಉಕಾರ ಬಿದ್ದುಹೋಯಿತು, ಕೆಲವು ಕಡೆ ಉಳಿದು ನಡುವೆ ವಕಾರ ಬಂತು. ಯಾಕೆ? ನಿಮಗೆ ಹೇಗೆ ಗೊತ್ತಾಯಿತು?

ತರಗತಿ ಗದ್ದಲ ಆಗುತ್ತದೆ. ಜೀವ ಇರುವುದಕ್ಕೆ ವಕಾರ ಅಂತ ಒಬ್ಬಳು ಹೇಳುತ್ತಾಳೆ. ಹಾವಿಗೂ ಜೀವ ಇದೆ ಅಲ್ವಾ ಅಂತ ಇನ್ನೊಬ್ಬ ಅದನ್ನು ಹೊಡೆದುಹಾಕುತ್ತಾನೆ. ಚಿಕ್ಕ ಪದಕ್ಕೆ ಅಂತ ಮತ್ತೊಬ್ಬರು. ಕಾಡು ಕೂಡ ಎರಡೇ ಅಕ್ಷರ. ಕೊನೆಗೆ ಯಾರೋ ಒಬ್ಬರು ಛಂದಸ್ಸಿನ ಲಘು ಗುರುವಿನ ಹತ್ತಿರ ಬರುತ್ತಾರೆ (ಒಂದು ಮಾತ್ರೆಯ ಅಕ್ಷರ ಲಘು, ಎರಡು ಮಾತ್ರೆಯದು ಗುರು). ಮಗು, ಹಸು, ಕರು, ಗುರು, ಇವೆಲ್ಲ ಎರಡೇ ಲಘುಗಳ ಪದಗಳು. ಮೊದಲ ಅಕ್ಷರ ಗುರುವಾದರೆ ಅಥವಾ ಪದ ಉದ್ದವಾದರೆ ಉಕಾರ ಬಿದ್ದುಹೋಗುತ್ತದೆ. ಎಲ್ಲರಿಗೂ ಖುಷಿ. ಅಷ್ಟರಲ್ಲಿ ಮೂಲೆಯಿಂದ ಒಬ್ಬಳು 'ವಸ್ತು' ಅನ್ನುತ್ತಾಳೆ. ವಸ್ತುವನ್ನು! ಮೊದಲ ಅಕ್ಷರ ಗುರು, ಆದರೂ ಉಕಾರ ಉಳಿದಿದೆ. 'ಧಾತು' ಅನ್ನುತ್ತಾನೆ ಇನ್ನೊಬ್ಬ. ಈಗ ಸಂಸ್ಕೃತದಿಂದ ಬಂದ ಪದಗಳು ಬೇರೆ ಥರ ನಡೆದುಕೊಳ್ಳುತ್ತವೆ ಎಂಬ ಮಾತು ಬರುತ್ತದೆ, ಅದೂ ಮಕ್ಕಳ ಬಾಯಿಂದಲೇ. ಇಷ್ಟಾದ ಮೇಲೆ ಬೋರ್ಡಿನ ಮೇಲೆ 'ಲೋಪ', 'ಆಗಮ' ಅಂತ ಬರೆದರೆ ಆ ಹೆಸರುಗಳು ಕಂಡದ್ದಕ್ಕೆ ಇಟ್ಟ ಹೆಸರುಗಳಾಗುತ್ತವೆ. ಮರೆಯುವುದಿಲ್ಲ. ಛಂದಸ್ಸಿನ ಪಾಠದಲ್ಲಿ ಸುಮ್ನೆ ಬಿದ್ದಿದ್ದ ಲಘು ಗುರುವಿಗೂ ಒಂದು ಕೆಲಸ ಸಿಕ್ಕಿತು!

ಇದು ನಾನು ಕಂಡುಹಿಡಿದ ಹೊಸ ವಿಧಾನ ಅಲ್ಲ. 13ನೇ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣ ಎಂಬ ಹಳಗನ್ನಡ ವ್ಯಾಕರಣ ಬರೆಯುವಾಗ ಗಜಗ, ಗುಣನಂದಿ, ಅಸಗ, ಶ್ರೀವಿಜಯ, ಪೊನ್ನ ಮುಂತಾದ ಕವಿಗಳ ಹೆಸರು ಹೇಳಿ, ಇವರ ಬಳಕೆಯೇ ನನ್ನ ಗ್ರಂಥಕ್ಕೆ ಲಕ್ಷ್ಯ ಅಂದ. ಮೊದಲು ಲಕ್ಷ್ಯ, ಅಂದರೆ ಉದಾಹರಣೆ; ಆಮೇಲೆ ಲಕ್ಷಣ, ಅಂದರೆ ನಿಯಮ. ಬಳಕೆಯನ್ನು ಮುಂದೆ ಇಟ್ಟುಕೊಂಡು ಸೂತ್ರ ಹುಡುಕಿದ. ನಾವು ಆತನ ಸೂತ್ರಗಳನ್ನು ಉಳಿಸಿಕೊಂಡೆವು, ಆತ ಕೆಲಸ ಮಾಡಿದ ಕ್ರಮವನ್ನು ಬಿಟ್ಟುಬಿಟ್ಟೆವು.

ವಿಭಕ್ತಿಯ ಕಥೆ ಇನ್ನೂ ವಿಚಿತ್ರ. ಪಂಚಮಿಗೆ 'ದೆಸೆಯಿಂದ' ಅಂತ ಮಕ್ಕಳು ಬಾಯಿಪಾಠ ಮಾಡುತ್ತಾರೆ. 'ಮರದ ದೆಸೆಯಿಂದ ಹಣ್ಣು ಬಿತ್ತು' ಅಂತ ಭೂಮಿಯ ಮೇಲೆ ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ಎಲ್ಲರೂ ಹೇಳುವುದು 'ಮರದಿಂದ'. ತೃತೀಯಕ್ಕೂ ಅದೇ 'ಇಂದ'. ನಮ್ಮ ಶಾಲೆಯ ವ್ಯಾಕರಣ ಸಂಸ್ಕೃತದ ಅಚ್ಚಿನಲ್ಲಿ ಎರಕ ಹೊಯ್ದದ್ದು, ಕನ್ನಡದ ನಡವಳಿಕೆಯನ್ನು ನೋಡಿ ಬರೆದದ್ದಲ್ಲ ಅಂತ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಪುಸ್ತಕದ ಮೇಲೆ ಪುಸ್ತಕ ಬರೆದು ಹೇಳಿದರು. ಅವರ ಎಲ್ಲ ಮಾತನ್ನೂ ಒಪ್ಪಬೇಕಿಲ್ಲ. ಕನ್ನಡ ಬರವಣಿಗೆಗೆ ಅವರು ಸೂಚಿಸಿದ ಸುಧಾರಣೆಗಳನ್ನು ನಾನೇ ಒಪ್ಪಿಲ್ಲ. ಆದರೆ ಈ ಒಂದು ಮಾತನ್ನು ಏಳನೇ ತರಗತಿಯಲ್ಲಿ ನಿಂತು ಅಲ್ಲಗಳೆಯೋದು ಕಷ್ಟ.

ಹೊರಗಿನ ಅನುಭವವನ್ನೂ ಸ್ವಲ್ಪ ನೋಡೋಣ. ಅಮೆರಿಕದಲ್ಲಿ 1963ರಲ್ಲಿ ಬರವಣಿಗೆಯ ಬೋಧನೆ ಬಗ್ಗೆ ಅಲ್ಲಿಯವರೆಗೆ ನಡೆದ ಅಧ್ಯಯನಗಳನ್ನೆಲ್ಲ ಕಲೆಹಾಕಿ ಒಂದು ವರದಿ ಬಂತು. ವ್ಯಾಕರಣವನ್ನು ಪ್ರತ್ಯೇಕ ಪಾಠವಾಗಿ ಹೇಳಿಕೊಟ್ಟರೆ ಬರವಣಿಗೆಗೆ ಆಗುವ ಉಪಯೋಗ ತೀರಾ ಕಡಿಮೆ, ಬರೆಯುವ ಅಭ್ಯಾಸದ ಸಮಯವನ್ನು ಅದು ತಿನ್ನುವುದರಿಂದ ಕೆಲವು ಸಲ ಹಾನಿಯೂ ಆಗುತ್ತದೆ ಅಂತ ಅದು ಹೇಳಿತು. 2007ರಲ್ಲಿ ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ ನಾಲ್ಕರಿಂದ ಹನ್ನೆರಡನೇ ತರಗತಿವರೆಗಿನ ಮಕ್ಕಳ ಬರವಣಿಗೆಯ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿದರು. ಯೋಜನೆ ಹಾಕುವುದು, ತಿದ್ದುವುದು ಹೇಗೆ ಅಂತ ಬಿಡಿಸಿ ಕಲಿಸಿದ್ದರ ಪರಿಣಾಮ 0.82 (ಈ ಅಳತೆಯಲ್ಲಿ ಸೊನ್ನೆ ಅಂದರೆ ಏನೂ ವ್ಯತ್ಯಾಸ ಆಗಲಿಲ್ಲ ಅಂತ; ಅಂಕಿ ದೊಡ್ಡದಾದಷ್ಟೂ ಲಾಭ ಹೆಚ್ಚು). ಸಣ್ಣ ವಾಕ್ಯಗಳನ್ನು ಜೋಡಿಸಿ ದೊಡ್ಡ ವಾಕ್ಯ ಮಾಡಿಸುವ ಅಭ್ಯಾಸಕ್ಕೆ 0.50. ಪ್ರತ್ಯೇಕ ವ್ಯಾಕರಣ ಪಾಠಕ್ಕೆ ಸೊನ್ನೆಗಿಂತ ಕೆಳಗೆ, -0.32. ಅದಕ್ಕೂ ಮೊದಲು, 1973ರಲ್ಲೇ, ಫ್ರಾಂಕ್ ಓಹೇರ್ ಎಂಬ ಸಂಶೋಧಕ ಏಳನೇ ತರಗತಿ ಮಕ್ಕಳಿಗೆ ವ್ಯಾಕರಣದ ಹೆಸರುಗಳನ್ನೇ ಹೇಳದೆ ಬರೀ ವಾಕ್ಯ ಜೋಡಣೆ ಮಾಡಿಸಿ, ಅವರ ಬರವಣಿಗೆ ಸುಧಾರಿಸಿದ್ದನ್ನು ತೋರಿಸಿದ್ದ.

ಇದನ್ನು ಓದಿ 'ವ್ಯಾಕರಣವೇ ಬೇಡ' ಅಂತ ಹೊರಟವರೂ ಇದ್ದಾರೆ. ಅದೂ ಅವಸರದ ಮಾತು. ಇಂಗ್ಲೆಂಡಿನಲ್ಲಿ ಡೆಬ್ರಾ ಮೈಹಿಲ್ ಮತ್ತು ಜೊತೆಗಾರರು 12-13 ವರ್ಷದ ಮಕ್ಕಳ ಮೇಲೆ ನಡೆಸಿದ ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಅಲ್ಲಿ ವ್ಯಾಕರಣವನ್ನು ಆಗ ಬರೆಯುತ್ತಿರುವ ಬರಹಕ್ಕೇ ಕಟ್ಟಿ ಹೇಳಿಕೊಟ್ಟರು. ಬರವಣಿಗೆ ಉತ್ತಮವಾಯಿತು, ಮೊದಲೇ ಚೆನ್ನಾಗಿ ಬರೆಯುತ್ತಿದ್ದವರಿಗೆ ಜಾಸ್ತಿ ಲಾಭವಾಯಿತು. ಅಂದರೆ ಅದನ್ನು ಎಲ್ಲಿ ಇಟ್ಟು ಕಲಿಸುತ್ತೀರಿ ಎಂಬುದೇ ಮುಖ್ಯ. ಇವೆಲ್ಲ ಇಂಗ್ಲಿಷಿನಲ್ಲಿ ಬರೆಯುವ ಮಕ್ಕಳ ಮೇಲೆ ನಡೆದ ಅಧ್ಯಯನಗಳು ನಿಜ. ಅಂಕಿಗಳನ್ನು ಹಾಗೇ ತಂದು ಕನ್ನಡಕ್ಕೆ ಅಂಟಿಸೋಕೆ ಆಗುವುದಿಲ್ಲ. ಆದರೆ ವಾಕ್ಯ ಜೋಡಣೆಗೆ ಕನ್ನಡದಷ್ಟು ಒಳ್ಳೆಯ ನೆಲ ಸಿಗುವುದು ಅಪರೂಪ ಅಂತ ನನಗೆ ಅನ್ನಿಸುತ್ತದೆ. ಕಾರಣ ನಮ್ಮ ಕ್ರಿಯಾಪದ. ಮಾಡಿ, ಮಾಡುತ್ತಾ, ಮಾಡಿದಾಗ, ಮಾಡಿದರೆ, ಮಾಡಿದರೂ, ಮಾಡದೆ, ಮಾಡಿದ, ಮಾಡುವ, ಮಾಡಿದ್ದರಿಂದ. 'ಮತ್ತು', 'ಆಮೇಲೆ', 'ಆದ್ದರಿಂದ' ಯಾವುದೂ ಬೇಡ, ಕ್ರಿಯಾಪದದ ಬಾಲ ತಿರುಗಿಸಿದರೆ ವಾಕ್ಯಗಳು ಒಂದಕ್ಕೊಂದು ಸೇರಿಕೊಳ್ಳುತ್ತವೆ.

ಒಂದು ಉದಾಹರಣೆ. ನಾಲ್ಕು ಬಿಡಿ ವಾಕ್ಯ ಕೊಡುತ್ತೇನೆ. ಬೆಕ್ಕು ಗೋಡೆ ಹತ್ತಿತು. ಬೆಕ್ಕು ಕೆಳಗೆ ನೋಡಿತು. ನಾಯಿ ಇನ್ನೂ ಅಲ್ಲೇ ಇತ್ತು. ಬೆಕ್ಕು ಇಳಿಯಲಿಲ್ಲ. ಇವನ್ನು ಜೋಡಿಸಿ. ಮೊದಲ ಸಾಲಿನ ಜಾಣೆ ಬರೆಯುತ್ತಾಳೆ: 'ಗೋಡೆ ಹತ್ತಿ ಕೆಳಗೆ ನೋಡಿದ ಬೆಕ್ಕು, ನಾಯಿ ಇನ್ನೂ ಅಲ್ಲೇ ಇದ್ದುದರಿಂದ ಇಳಿಯಲಿಲ್ಲ.' ತಪ್ಪಿಲ್ಲ, ವರದಿ ಥರ ಇದೆ. ಇನ್ನೊಬ್ಬ, ಸಾಮಾನ್ಯವಾಗಿ ಪುಸ್ತಕ ತರುವುದನ್ನೇ ಮರೆಯುವವನು, ಎದ್ದು ನಿಂತು ಹೇಳುತ್ತಾನೆ: 'ಬೆಕ್ಕು ಗೋಡೆ ಹತ್ತಿ ಕೆಳಗೆ ನೋಡಿದರೆ, ನಾಯಿ ಇನ್ನೂ ಅಲ್ಲೇ ಇದೆ!' ಇಳಿಯಲಿಲ್ಲ ಅಂತ ಹೇಳಬೇಕಾದ್ದೇ ಇಲ್ಲ. ತರಗತಿ ನಗುತ್ತದೆ. ಈಗ ಕೇಳಬಹುದು: 'ಮಳೆ ಬಂದರೆ ಆಟ ಇಲ್ಲ' ಅನ್ನುವಲ್ಲಿನ '-ದರೆ'ಗೂ ಈ 'ನೋಡಿದರೆ'ಗೂ ಏನು ವ್ಯತ್ಯಾಸ? ಅಲ್ಲಿ ಷರತ್ತು ಇದೆ. ಇಲ್ಲಿ ಯಾವ ಷರತ್ತೂ ಇಲ್ಲ. ಕೇಳುವವರನ್ನು ಗೋಡೆಯ ಮೇಲೆ ಬೆಕ್ಕಿನ ಪಕ್ಕ ಕೂರಿಸುವ ಕೆಲಸ ಮಾತ್ರ ಇದೆ. 'ಇತ್ತು' ಹೋಗಿ 'ಇದೆ' ಬಂದದ್ದೂ ಅದಕ್ಕೇ. ವ್ಯಾಕರಣ ಎಲ್ಲಿ ಮುಗಿಯಿತು, ಕಥೆ ಎಲ್ಲಿ ಶುರುವಾಯಿತು ಹೇಳಿ ನೋಡೋಣ.

ಇನ್ನೊಂದು. 'ಮಳೆ ಬಂದು ಆಟ ನಿಂತಿತು' ಅನ್ನುತ್ತೇವೆ. 'ನಾಯಿ ಬೊಗಳಿ ಹುಡುಗ ಓಡಿದ' ಅಂದರೆ ಯಾಕೋ ಕಿವಿಗೆ ಸರಿಹೋಗುವುದಿಲ್ಲ. 'ಬೊಗಳಿದ್ದಕ್ಕೆ' ಅಥವಾ 'ಬೊಗಳಿದಾಗ' ಬೇಕು ಅನ್ನಿಸುತ್ತದೆ. ಮೊದಲ ಕ್ರಿಯೆ ಮಾಡಿದವರೇ ಎರಡನೆಯದನ್ನೂ ಮಾಡಬೇಕು ಎಂಬ ನಿಯಮ ಮಕ್ಕಳಿಗೆ ಬೇಗ ಹೊಳೆಯುತ್ತದೆ. ಹಾಗಾದರೆ ಮಳೆ ಮತ್ತು ಆಟ ಹೇಗೆ ಒಂದೇ ವಾಕ್ಯದಲ್ಲಿ ಕೂತವು? ಇದಕ್ಕೆ ನನ್ನ ಹತ್ತಿರ ಒಂದು ಸಾಲಿನ ಉತ್ತರ ಇಲ್ಲ. ಮಕ್ಕಳಿಗೆ ಅದೇ ಇಷ್ಟ. ಮೇಷ್ಟ್ರಿಗೂ ಪೂರ್ತಿ ಗೊತ್ತಿಲ್ಲದ ವಿಷಯ ವ್ಯಾಕರಣದಲ್ಲಿ ಇದೆ ಅಂತ ತಿಳಿದ ದಿನ ಅವರು ಮನೆಯಿಂದ ವಾಕ್ಯ ಹುಡುಕಿಕೊಂಡು ಬರುತ್ತಾರೆ.

ಈಗ ಪ್ರಬಂಧ. ಇಲ್ಲಿ ಸ್ವಲ್ಪ ಖಾರವಾಗಿಯೇ ಬರೆಯುತ್ತೇನೆ, ಕ್ಷಮಿಸಿ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ತಲೆಬರಹ ಹಾಕಿದರೆ ಅಂಕ ಗ್ಯಾರಂಟಿ. ಗ್ರಂಥಾಲಯದ ಮಹತ್ವದ ಬಗ್ಗೆ ಬರೆಯುವ ಮಗು ಗ್ರಂಥಾಲಯದೊಳಗೆ ಕಾಲಿಟ್ಟಿರಬೇಕು ಎಂಬ ನಿಯಮವೇನೂ ಇಲ್ಲ. ಗಾದೆ ವಿಸ್ತರಣೆಯಂತೂ ಮುಗಿಯಿತು. ಗಾದೆ ಯಾವುದೇ ಇರಲಿ, ಉತ್ತರ ಶುರುವಾಗುವುದು 'ಗಾದೆಗಳು ವೇದಗಳಿಗೆ ಸಮಾನ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಅಂತ. ಕೊನೆ ಆಗುವುದು 'ಈ ಗಾದೆ ಸಾರ್ವಕಾಲಿಕ ಸತ್ಯವಾಗಿದೆ' ಅಂತ. ನಡುವಿನ ನಾಲ್ಕು ಸಾಲು ಗೈಡಿನವರದು. ಇಡೀ ತರಗತಿಯ ಉತ್ತರಪತ್ರಿಕೆಗಳನ್ನು ಒಟ್ಟಿಗೆ ತಿದ್ದಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಮೂರನೆಯ ಪತ್ರಿಕೆ ದಾಟಿದ ಮೇಲೆ ಕಣ್ಣು ಓದುವುದನ್ನು ನಿಲ್ಲಿಸುತ್ತದೆ, ಕೈ ಮಾತ್ರ ಅಂಕ ಹಾಕುತ್ತದೆ.

ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿದರೆ ಸಾಕು. 'ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ವಿಸ್ತರಿಸಿ' ಅನ್ನುವ ಬದಲು, 'ಯಾರಾದರೂ ಈ ಮಾತನ್ನು ಹೇಳಲೇಬೇಕಾದ ಒಂದು ಪ್ರಸಂಗ ಬರೆಯಿರಿ. ಗಾದೆ ಯಾರದಾದರೂ ಬಾಯಲ್ಲಿ ಒಂದು ಸಲ ಮಾತ್ರ ಬರಲಿ. ಅದರ ಅರ್ಥ ವಿವರಿಸಬೇಡಿ' ಅಂತ ಕೇಳಿ. ಗೈಡಿನ ನಾಲ್ಕು ಸಾಲು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮಗು ಯಾರು, ಎಲ್ಲಿ, ಏನು ಬೇಕಾಗಿತ್ತು, ಯಾಕೆ ಎಟುಕಲಿಲ್ಲ ಅಂತ ಯೋಚಿಸಲೇಬೇಕು. ಗಾದೆ ಅರ್ಥವಾಗಿದೆಯೋ ಇಲ್ಲವೋ ಎಂಬುದೂ ನಿಮಗೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ತಪ್ಪು ಪ್ರಸಂಗಕ್ಕೆ ಸರಿ ಗಾದೆ ಅಂಟಿಸಿದರೆ ಮುಚ್ಚಿಡೋಕೆ ಆಗುವುದಿಲ್ಲ ಅಲ್ವಾ?

ಕಥೆಗೆ ಬರೋಣ. ನನಗೆ ಹೇಳಬೇಕಾದ್ದು ಹೆಚ್ಚು ಇರುವುದು ಇಲ್ಲೇ.

ಶಾಲಾ ಪ್ರವಾಸದಿಂದ ಬಂದ ಮಕ್ಕಳಿಗೆ ಅದರ ಬಗ್ಗೆ ಬರೆಯಿರಿ ಅಂದರೆ ಏನು ಬರುತ್ತದೆ ಅಂತ ನಿಮಗೂ ಗೊತ್ತು. 'ನಾವು ಬೆಳಿಗ್ಗೆ ಬೇಗ ಎದ್ದೆವು. ಬಸ್ಸಿನಲ್ಲಿ ಹೋದೆವು. ಅಲ್ಲಿ ತುಂಬಾ ಚೆನ್ನಾಗಿತ್ತು. ನಮಗೆ ತುಂಬಾ ಸಂತೋಷವಾಯಿತು.' ಅದೇ ಮಕ್ಕಳು ಊಟದ ಬಿಡುವಿನಲ್ಲಿ ಮಾತಾಡುವುದನ್ನು ಕೇಳಿ. ಬಸ್ಸು ಕೆಟ್ಟು ನಿಂತದ್ದು, ಡ್ರೈವರ್ ಸ್ಟೀರಿಂಗಿಗೆ ತಲೆ ಕೊಟ್ಟು ಮಲಗಿದ್ದು, ಗೆಳೆಯನ ಒಂದೇ ಒಂದು ಶೂ ಹೊಳೆಯಲ್ಲಿ ತೇಲಿಹೋದದ್ದು, ಅವನು ದಿನವಿಡೀ ಒಂದು ಕಾಲಿಗೆ ಶೂ ಹಾಕಿಕೊಂಡು ನಡೆದದ್ದು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ತಗ್ಗಿಸಬೇಕು, ಶೂ ವಿಷಯವನ್ನು ಎಷ್ಟು ಹೊತ್ತು ತಡೆದಿಟ್ಟುಕೊಳ್ಳಬೇಕು, ಎಲ್ಲ ಗೊತ್ತು ಆ ಮಕ್ಕಳಿಗೆ. ಕಥೆ ಹೇಳುವ ಕಲೆಯನ್ನು ಅವರಿಗೆ ಹೊಸದಾಗಿ ಕಲಿಸಬೇಕಿಲ್ಲ. ಪೆನ್ನು ಹಿಡಿದ ಕೂಡಲೇ ಅದು ಎಲ್ಲಿ ಹೋಗುತ್ತದೆ ಅಂತ ಹುಡುಕಬೇಕು. ನನ್ನ ಅನುಮಾನ, ಅದನ್ನು ಓಡಿಸುವವರು ನಾವೇ. ಶೂ ಕಳೆದದ್ದು 'ಪ್ರವಾಸ' ಎಂಬ ಪ್ರಬಂಧಕ್ಕೆ ಸೇರುವ ವಿಷಯ ಅಲ್ಲ ಅಂತ ಮಕ್ಕಳಿಗೆ ಹೇಗೋ ಗೊತ್ತಾಗಿಬಿಟ್ಟಿದೆ.

ಅದಕ್ಕೇ ಮೊದಲು ಹೇಳಿಸಿ ಅನ್ನುತ್ತಿದ್ದೇನೆ. ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬರು ಇನ್ನೊಬ್ಬರಿಗೆ ಹೇಳಲಿ. ಕೇಳಿದವರ ಕೆಲಸ ಪ್ರಶ್ನೆ ಕೇಳುವುದು: ಆಗ ಅವನು ಏನಂದ? ನೀನೆಲ್ಲಿದ್ದೆ? ಎಷ್ಟು ದೂರ ತೇಲಿತು? ಆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳೇ ಬರಹದಲ್ಲಿ ಬರಬೇಕಾದ ವಿವರಗಳು. ಇದಕ್ಕೆ ಯಾವ ಉಪಕರಣವೂ ಬೇಡ, ಹತ್ತು ನಿಮಿಷ ಸಾಕು. ಪರೀಕ್ಷೆಯಲ್ಲಿ ಇದನ್ನು ಮಾಡಿಸೋಕೆ ಆಗುವುದಿಲ್ಲ ನಿಜ. ಆದರೆ ಆಂತರಿಕ ಮೌಲ್ಯಮಾಪನ ಅಂತ ಒಂದು ಇದೆಯಲ್ಲ, ಅದರಲ್ಲಿ ಚಾರ್ಟು, ಆಲ್ಬಂ ಮಾಡಿಸುವ ಬದಲು ಒಂದು ಕಥೆ ಹೇಳಿಸಿ.

ಆಮೇಲೆ, ದಯವಿಟ್ಟು, ಕಥೆಯ ಕೊನೆಯಲ್ಲಿ 'ನೀತಿ' ಬರೆಯಿರಿ ಅನ್ನುವುದನ್ನು ಬಿಡಿ. ಸುಳಿವುಗಳನ್ನು ಕೊಟ್ಟು ಕಥೆ ಬರೆಸುವ ಪ್ರಶ್ನೆಯಲ್ಲಿ ಇದು ಯಾವಾಗಲೂ ಇರುತ್ತದೆ. ಬಾಯಾರಿದ ಕಾಗೆ, ಹೂಜಿ, ಕಲ್ಲು, ನೀತಿ. ನೀತಿಗೆ ಪ್ರತ್ಯೇಕ ಅಂಕ ಇದೆ ಅಂದ ಮೇಲೆ ಮಗು ಮೊದಲು ನೀತಿ ಯೋಚಿಸಿ ಆಮೇಲೆ ಕಥೆ ಹೊಂದಿಸುತ್ತದೆ. ಅಂಥ ಕಥೆಯಲ್ಲಿ ಯಾರಿಗೂ ಏನೂ ಬೇಕಾಗಿರುವುದಿಲ್ಲ, ಎಲ್ಲರೂ ಪಾಠ ಕಲಿಯೋಕೆ ಕಾದು ಕೂತಿರುತ್ತಾರೆ. ಪಂಜೆ ಮಂಗೇಶರಾಯರು (1874-1937) ನಿಮ್ಮಂತೆಯೇ ಶಿಕ್ಷಣ ಇಲಾಖೆಯಲ್ಲಿದ್ದವರು. ಮೇಷ್ಟ್ರಾಗಿದ್ದರು, ಶಾಲೆಗಳ ಇನ್ಸ್‌ಪೆಕ್ಟರ್ ಆಗಿದ್ದರು. ಅವರ ಮಕ್ಕಳ ಕಥೆಗಳನ್ನು ಜನ ನೆನಪಿಟ್ಟುಕೊಂಡದ್ದು ಅದರಲ್ಲಿನ ಮಾತಿನ ಲಯಕ್ಕೆ, ತಮಾಷೆಗೆ.

ನೀತಿಯ ಜಾಗದಲ್ಲಿ ಏನು ಕೇಳಬಹುದು? ದೃಷ್ಟಿಕೋನ ಕೇಳಿ. ಒಬ್ಬ ಹುಡುಗ ಶಾಲೆಗೆ ತಡವಾಗಿ ಬಂದ. ಅದನ್ನು ಹುಡುಗ ಹೇಳಲಿ, ಬಾಗಿಲಲ್ಲಿ ನಿಂತ ಮೇಷ್ಟ್ರು ಹೇಳಲಿ, ಬಸ್ಸಿನ ಕಂಡಕ್ಟರ್ ಹೇಳಲಿ. ಉತ್ತಮ ಪುರುಷ, ಪ್ರಥಮ ಪುರುಷ ಎಂಬ ಒಣ ಪಾಠ ಇಲ್ಲಿ ಜೀವ ಪಡೆಯುತ್ತದೆ. ಯಾರು ಯಾವುದನ್ನು ಕಣ್ಣಾರೆ ಕಂಡರು, ಯಾವುದನ್ನು ಕೇಳಿದರು ಎಂಬ ಪ್ರಶ್ನೆ ಏಳುತ್ತದೆ. ಕಂಡಕ್ಟರ್ 'ಹುಡುಗ ಓಡಿಬಂದ' ಅನ್ನಬಹುದು, ಮೇಷ್ಟ್ರು 'ಓಡಿಬಂದನಂತೆ' ಅಂತಲೇ ಹೇಳಬೇಕು. ಹುಡುಗ ಸುಳ್ಳು ಹೇಳುತ್ತಿದ್ದರೆ? ಸಂಭಾವನಾರ್ಥಕ ರೂಪ ಅಂತ ಬಂದಾನು, ಬಂದಾಳು, ಬಂದೀತು ಎಂಬ ಪಟ್ಟಿ ಬಾಯಿಪಾಠ ಮಾಡಿಸುತ್ತೇವಲ್ಲ, ಅದನ್ನೂ ಇಲ್ಲಿ ಕೂರಿಸಬಹುದು. ಮನೆಯಲ್ಲಿ ಕಾಯುತ್ತಿರುವ ಅಮ್ಮನ ಮನಸ್ಸಿನಲ್ಲಿ ಓಡುವ ನಾಲ್ಕು ಯೋಚನೆ ಬರೆಯಿರಿ ಅನ್ನಿ. 'ಬಸ್ಸು ತಪ್ಪಿಸಿಕೊಂಡಾನು', 'ಮಳೆಯಲ್ಲಿ ನೆನೆದಾನು' ಎಂಬ ರೂಪಗಳು ತಮ್ಮಷ್ಟಕ್ಕೆ ಬರುತ್ತವೆ.

ಭಾಷೆಯ ಬಗ್ಗೆ ಒಂದು ಮಾತು. ನಿರೂಪಣೆ ಬರಹದ ಕನ್ನಡದಲ್ಲಿ ಇರಲಿ, ಒಪ್ಪುತ್ತೇನೆ. ಅದನ್ನು ಕಲಿಸುವುದು ನಮ್ಮ ಕೆಲಸ. ಆದರೆ ಕಥೆಯೊಳಗಿನ ಅಜ್ಜಿ 'ನಾನು ಬರುತ್ತೇನೆ, ನೀನು ಹೋಗು' ಅಂತ ಪುಸ್ತಕದ ಹಾಗೆ ಮಾತಾಡಬೇಕಿಲ್ಲ. ಬರ್ತೀನಿ, ಬರ್ತೇನಿ, ಬತ್ತೀನಿ, ಅವರವರ ಮನೆಯಲ್ಲಿ ಹೇಗೆ ಹೇಳುತ್ತಾರೋ ಹಾಗೆ ಇರಲಿ. ಉದ್ಧರಣ ಚಿಹ್ನೆಯ ಒಳಗಿನ ಆಡುಮಾತಿಗೆ ಅಂಕ ಕಡಿಯಬಾರದು ಅಂತ ಮೌಲ್ಯಮಾಪಕರಿಗೆ ಒಂದು ಸಾಲು ಬರೆದು ಕೊಡಿ. ಮನೆಯಲ್ಲಿ ತುಳುವೋ ಉರ್ದುವೋ ತೆಲುಗೋ ಲಂಬಾಣಿಯೋ ಆಡುವ ಮಗು ತನ್ನ ಅಜ್ಜಿಯ ಒಂದು ಮಾತನ್ನು ಅವಳ ಭಾಷೆಯಲ್ಲೇ ಬರೆದು ಪಕ್ಕದಲ್ಲಿ ಕನ್ನಡ ಕೊಟ್ಟರೆ ಅದಕ್ಕೂ ಜಾಗ ಇರಲಿ. ಎರಡು ಬಗೆಯ ಮಾತನ್ನು ಬೇರೆ ಬೇರೆಯಾಗಿ ಹಿಡಿದಿಡೋಕೆ ಬಂದರೆ ಆ ಮಗುವಿಗೆ ಭಾಷೆಯ ಮೇಲೆ ಹಿಡಿತ ಸಿಕ್ಕಿದೆ ಅಂತಲೇ ಅರ್ಥ.

ಇಷ್ಟೆಲ್ಲ ತಿದ್ದುವವರು ಯಾರು ಅಂತ ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಈ ತರಗತಿಗಳಲ್ಲಿ 35 ಮಕ್ಕಳಿಗೆ ಒಬ್ಬರು ಶಿಕ್ಷಕರು ಇರಬೇಕು. ಅಷ್ಟೇ ಮಕ್ಕಳು ಅಂತಲೇ ಇಟ್ಟುಕೊಳ್ಳೋಣ. ಒಂದು ಬರಹಕ್ಕೆ 5 ನಿಮಿಷ ಅಂದರೆ ಒಂದು ತರಗತಿಗೆ 175 ನಿಮಿಷ. ಮೂರು ತರಗತಿಗೆ 525, ಅಂದರೆ ಹತ್ತಿರ ಹತ್ತಿರ 9 ಗಂಟೆ. ವಾರಕ್ಕೊಂದು ಬರಹ ಅಂದರೆ ವಾರಕ್ಕೆ 9 ಗಂಟೆ ಬರೀ ತಿದ್ದುವುದು. ಯಾರಿಂದಲೂ ಆಗದ ಕೆಲಸ. ಆದ್ದರಿಂದ ಎಲ್ಲವನ್ನೂ ತಿದ್ದಬೇಕು ಎಂಬ ನಿಯಮವನ್ನೇ ಬಿಡಿ. ತಪಾಸಣೆಗೆ ಬಂದವರು ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿ ಎಷ್ಟಿದೆ ಅಂತ ಎಣಿಸುವುದನ್ನು ನಿಲ್ಲಿಸಲಿ. ಒಂದು ವಾರ ಒಂದೇ ಬಗೆಯ ತಪ್ಪು ನೋಡೋಣ. ಈ ವಾರ ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಿಕೆ, ಮುಂದಿನ ವಾರ ಅಲ್ಪಪ್ರಾಣ ಮಹಾಪ್ರಾಣ. ಕಾಲು ಭಾಗ ಮಕ್ಕಳ ಬರಹವನ್ನು ಮೇಷ್ಟ್ರು ಪೂರ್ತಿ ಓದಲಿ, ಉಳಿದವರು ಜೋಡಿಯಲ್ಲಿ ಗಟ್ಟಿಯಾಗಿ ಓದಿಕೊಳ್ಳಲಿ. ಗಟ್ಟಿಯಾಗಿ ಓದುವಾಗ ನಾಲಿಗೆ ಎಡವಿದ ಕಡೆ ವಾಕ್ಯ ಕೆಟ್ಟಿರುತ್ತದೆ. ಆ ಮಗು ತಾನೇ ನಿಲ್ಲಿಸಿ ತಿದ್ದಿಕೊಳ್ಳುವುದನ್ನು ನಾನು ದಿನಾ ನೋಡುತ್ತೇನೆ. ಬರಹ ಕೆಂಪಾಗಿ ಬಂದಾಗ ಮಕ್ಕಳು ನೋಡುವುದು ಕೊನೆಯ ಅಂಕವನ್ನು ಮಾತ್ರ.

ಮುಂದಿನ ಆಕ್ಷೇಪವೂ ನನಗೆ ಗೊತ್ತು: ಹತ್ತನೇ ತರಗತಿಯಲ್ಲಿ ಸಂಧಿ ಸಮಾಸ ಕೇಳುತ್ತಾರೆ, ಸ್ಪರ್ಧಾತ್ಮಕ ಪರೀಕ್ಷೆಗಳಲ್ಲೂ ಕೇಳುತ್ತಾರೆ, ಆಗ ಈ ಮಕ್ಕಳ ಗತಿ? ಹೆಸರುಗಳನ್ನು ಪೂರ್ತಿ ಬಿಡಿ ಅಂತ ನಾನು ಹೇಳಿಲ್ಲ. ಬಳಸಲು ಬಂದ ಮೇಲೆ ಹೆಸರು ಹೇಳಿದರೆ ಒಂದು ಪೀರಿಯಡ್ಡಿನಲ್ಲಿ ಮುಗಿಯುತ್ತದೆ. ಮಗುವಿಗೆ ಕೆಲಸಕ್ಕೆ ಬರುವ ಸಮಾಸ ಎರಡೋ ಮೂರೋ ಇವೆ. ಉಳಿದವು ಒಂಬತ್ತನೇ ತರಗತಿಯವರೆಗೆ ಕಾಯಬಲ್ಲವು. ಯಾವ ಸಮಾಸವೂ ಬೇಸರ ಮಾಡಿಕೊಳ್ಳುವುದಿಲ್ಲ.

ಅಂಕ ಕೊಡೋಕೆ ಖಚಿತ ಉತ್ತರ ಬೇಕು, ಕಥೆಗೆ ಅದಿಲ್ಲ ಅಂತಲೂ ಹೇಳುತ್ತಾರೆ. ಇದರಲ್ಲಿ ಹುರುಳಿದೆ. ಇಬ್ಬರು ಮೇಷ್ಟ್ರು ಒಂದೇ ಕಥೆಗೆ ಎರಡು ಥರ ಅಂಕ ಹಾಕಬಹುದು. ಅದಕ್ಕೆ ನೋಡಬೇಕಾದ್ದು ಏನು ಅಂತ ಮೊದಲೇ, ಮಕ್ಕಳಿಗೂ ಕಾಣುವಂತೆ, ಪ್ರಶ್ನೆಯ ಕೆಳಗೇ ಅಚ್ಚು ಹಾಕಿ. 6 ಅಂಕದ ಕಥೆ ಅಂದುಕೊಳ್ಳಿ. ಕಥೆಯಲ್ಲಿ ಒಬ್ಬರಿಗೆ ಏನೋ ಬೇಕಾಗಿದೆ, ಅದಕ್ಕೆ ಏನೋ ಅಡ್ಡ ಬಂದಿದೆ, ಇದಕ್ಕೆ 2. ಕಣ್ಣಿಗೆ ಕಟ್ಟುವ ಅಥವಾ ಕಿವಿಗೆ ಕೇಳುವ ವಿವರಕ್ಕೆ 1. ಒಂದಾದರೂ ಸಂಭಾಷಣೆ, ಚಿಹ್ನೆಗಳ ಸಮೇತ, 1. ಕರ್ತೃ ಕ್ರಿಯೆಗಳ ಹೊಂದಿಕೆ ಮತ್ತು ಕಾಲ ತಪ್ಪದಿರುವುದಕ್ಕೆ 2. ಇಬ್ಬರು ಮೇಷ್ಟ್ರ ನಡುವೆ ಆಗ ಹೆಚ್ಚೆಂದರೆ ಒಂದು ಅಂಕದ ವ್ಯತ್ಯಾಸ ಬಂದೀತು. ಅಷ್ಟನ್ನು ಒಂದು ಕಥೆಗಾಗಿ ಸಹಿಸಿಕೊಳ್ಳಬಹುದು.

ಕೊನೆಗೆ, ಬರೀ ಬೇಡ ಬೇಡ ಅಂದರೆ ಸಾಲದು ಅಂತ ಎಂಟನೇ ತರಗತಿಗೆ ಕೆಲವು ಪ್ರಶ್ನೆಗಳನ್ನು ಬರೆದು ಕಳಿಸುತ್ತಿದ್ದೇನೆ. ಹಾಗೇ ಬಳಸಬಹುದು, ತಿದ್ದಬಹುದು.

'ಬಾಗಿಲು ತೆರೆಯಿತು. ಯಾರೂ ಇರಲಿಲ್ಲ. ದೀಪ ಉರಿಯುತ್ತಿತ್ತು. ಅವಳು ಒಳಗೆ ಹೋದಳು.' ಈ ನಾಲ್ಕು ವಾಕ್ಯಗಳನ್ನು ಎರಡು ಬೇರೆ ಬೇರೆ ರೀತಿಯಲ್ಲಿ ಜೋಡಿಸಿ. ಎರಡರಲ್ಲಿ ಯಾವುದು ಹೆಚ್ಚು ಹೆದರಿಸುತ್ತದೆ, ಯಾಕೆ, ಒಂದು ವಾಕ್ಯದಲ್ಲಿ ಹೇಳಿ. (3 ಅಂಕ)

(ಸಾಲುಗಳನ್ನು ನೀವೇ ಆರಿಸಿ ಹಾಕಿ.) ಕೆಳಗಿನ ಹತ್ತು ಸಾಲಿನಲ್ಲಿ 'ಆಮೇಲೆ' ಆರು ಸಲ ಬಂದಿದೆ. ಒಂದನ್ನು ಮಾತ್ರ ಉಳಿಸಿ, ಉಳಿದದ್ದನ್ನು ಕ್ರಿಯಾಪದದ ರೂಪ ಬದಲಿಸಿ ತೆಗೆಯಿರಿ. ಉಳಿಸಿಕೊಂಡದ್ದು ಅಲ್ಲೇ ಯಾಕೆ ಇರಬೇಕು? (4 ಅಂಕ)

'ಸಾಧು' ಎಂಬ ಪದಕ್ಕೆ 'ಅನ್ನು' ಸೇರಿಸಿ. 'ಕಾಡು' ಎಂಬ ಪದದ ಹಾಗೆ ಅದು ಯಾಕೆ ನಡೆದುಕೊಳ್ಳಲಿಲ್ಲ? ಇಂಥದೇ ಇನ್ನೊಂದು ಪದ ಹುಡುಕಿ ಬರೆಯಿರಿ. (2 ಅಂಕ)

ಇದೇ ವರ್ಷ ಇವುಗಳಲ್ಲಿ ಒಂದೆರಡನ್ನು ಯಾವುದಾದರೂ ಕಿರುಪರೀಕ್ಷೆಯಲ್ಲಿ ಹಾಕಿ ನೋಡಿ. ಉತ್ತರಪತ್ರಿಕೆಗಳ ಒಂದು ಕಟ್ಟನ್ನು ತರಿಸಿಕೊಂಡು ನೀವೇ ಕೂತು ಓದಿ. ಅದಾದ ಮೇಲೆ ನನ್ನನ್ನು ಕರೆದು ಬೈಯಬೇಕು ಅನ್ನಿಸಿದರೆ ಬೈಯಿರಿ, ಬರುತ್ತೇನೆ.

ಇಂತಿ,
ಆರು, ಏಳು, ಎಂಟನೇ ತರಗತಿಯ ಒಬ್ಬ ಕನ್ನಡ ಮೇಷ್ಟ್ರು